ಐಲಾ ಬಂದರಿನ ಘಟಸರ್ಪ

"ಅಜ್ಜೀ, ಮಧ್ಯಾಹ್ನಕ್ಕೆ ನನ್ನ ಗಂಡನ್ನ ದೊಣ್ಣೇಲಿ ಹೊಡೆದು ಸಾಯಿಸ್ತಾರೆ!"

ಶಲ್ಮತ್ ಅಳುತ್ತ ಒಲೆಮನೆಗೆ ನುಗ್ಗಿದಾಗ ಹಗಿರಜ್ಜಿ ದಂಡಿಗೆ ಗಟ್ಟಿರೊಟ್ಟಿ ಸುಡುತ್ತಿದ್ದಳು. ಐಲಾ ಬಂದರಿನ ಪಾಳೆಯದಲ್ಲಿ ಏನೇ ಕಳುವಾದರೂ ಜನ ಮೊದಲು ಓಡಿ ಬರುತ್ತಿದ್ದುದು ಈ ಮುದುಕಿಯ ಹತ್ತಿರ. ಸೌದೆ ತುರುಕುತ್ತಿದ್ದ ಕುಂಟ ಸಿಪಾಯಿ ಮಾಲ್ಕ ಕಿವಿ ನೆಟ್ಟಗೆ ಮಾಡಿಕೊಂಡ.

ಮುನ್ನೂರು ಸಿಪಾಯಿಗಳು ಮಧ್ಯಾಹ್ನ ಕಡಲ್ಗಳ್ಳರ ಮೇಲೆ ದಂಡೆತ್ತಿ ಹಡಗು ಹತ್ತಬೇಕಿತ್ತು. ಅವರ ಘಟಸರ್ಪ ಬಾವುಟ ಪಾಳೆಯದ ಗುಡಿಯಿಂದ ರಾತ್ರೋರಾತ್ರಿ ಮಾಯವಾಗಿತ್ತು. ಬಾಯ್ದೆರೆದ ಬೆಳ್ಳಿ ತಲೆ, ಗಾಳಿ ಹೊಕ್ಕರೆ ಊಳಿಡುವ ಬಟ್ಟೆಯ ಮೈ. ಅದಿಲ್ಲದೆ ಒಬ್ಬನೂ ಹಡಗು ಹತ್ತುವವನಲ್ಲ. ಕಾವಲಿಗಿದ್ದ ಶಲ್ಮತಳ ಗಂಡ ಗದ್ದು ಬಾಗಿಲಲ್ಲೇ ಗೊರಕೆ ಹೊಡೆಯುತ್ತಿದ್ದನಂತೆ.

"ನಿನ್ನೆ ತಾನೇ ನಾಯಕರು, ಸಬೀನನಿಗೆ ವಯಸ್ಸಾಯ್ತು, ಈ ಸಲ ಬಾವುಟ ಗದ್ದು ಹಿಡೀಲಿ ಅಂದಿದ್ರು. ಯಾರ ಕಣ್ಣು ಬಿತ್ತೋ!" ಎಂದಳು ಶಲ್ಮತ್.

ಅಜ್ಜಿ ಮಾಲ್ಕನನ್ನು ಕರೆದುಕೊಂಡು ಸೆರೆಕೋಣೆಗೆ ಹೋದಳು. ಗದ್ದುವಿನ ಮುಖ ಸುಣ್ಣದಂತಾಗಿತ್ತು.

"ಸಂಜೆ ನನ್ನ ತೊಗಲ ಸೀಸೇಲಿದ್ದುದನ್ನ ಗಟಗಟ ಕುಡಿದೆ ಅಜ್ಜಿ. ಆಮೇಲಿಂದು ನೆನಪಿಲ್ಲ."

ಅಜ್ಜಿ ಸೀಸೆ ಮೂಸಿ ನೋಡಿದಳು. "ಮಾಲ್ಕ, ನಿನ್ನೆ ದಂಡಿನಲ್ಲಿ ಕುಡಿಯೋಕೆ ನಿನಗೇನು ಕೊಟ್ರೋ?"

"ಹುಳಿಮದ್ಯ. ಹೊಟ್ಟೆ ಇನ್ನೂ ಉರೀತಿದೆ. ಒಂದಿನ ಸಿಹಿ, ಒಂದಿನ ಹುಳಿ, ನಮ್ಮ ಹಣೆಬರಹ! ಹೊರಗೆ ಕುಡಿಯೋಣ ಅಂದ್ರೆ ಹೆಂಡದಂಗಡಿಗಳಿಗೆ ನಾಲ್ಕು ದಿನದಿಂದ ಬೀಗ."

ದಾರಿಯಲ್ಲಿ ಒಬ್ಬ ಹಮಾಲಿ ಮೂಟೆ ಕೆಳಗಿಟ್ಟು ಕೂತಿದ್ದ. "ದೀಪದ ಗೋಪುರದ ಕಡೆಗೆ ನಾ ಒಲ್ಲೆ ತಾಯಿ. ಬೀಗ ಹಾಕಿದ ಗೋಪುರದೊಳಗೆ ಹಾಡಹಗಲೇ ನರಿ ಊಳಿಡ್ತಿದೆ!"

ಬಡಗಾಳಿ ಜೋರಾಗಿತ್ತು. ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ಮಾಲ್ಕನಿಗೆ ತಲೆಬುಡ ತಿಳಿಯಲಿಲ್ಲ.

ಮಧ್ಯಾಹ್ನ ಬಂದರುಕಟ್ಟೆಯ ಮೇಲೆ ದಂಡು ಸಾಲುಗಟ್ಟಿತ್ತು. ದೊಣ್ಣೆಗಳೂ ಬಂದಿದ್ದವು. ಅಜ್ಜಿ ನಾಯಕನ ಅಪ್ಪಣೆ ಪಡೆದು ಸಬೀನನ ಮುಂದೆ ನಿಂತಳು. ಹನ್ನೊಂದು ವರ್ಷ ಬಾವುಟ ಹಿಡಿದು, ನಾಯಕನ ಪಂಕ್ತಿಯಲ್ಲೇ ಉಂಡ ಆಳು ಅವನು.

"ಅಪ್ಪಾ ಸಬೀನ, ಈ ಗದ್ದು ಕುಡಿದದ್ದಾದರೂ ಏನು?"

"ಇನ್ನೇನು? ದಂಡು ಕೊಟ್ಟ ತನ್ನ ಪಾಲಿನ ಸಿಹಿಮದ್ಯ! ಸೀಸೆ ಮೂಸಿದ್ರೆ ಗೊತ್ತಾಗಲ್ವಾ?"

ಮುನ್ನೂರು ಗಂಟಲು ಒಟ್ಟಿಗೆ ಹೋ ಎಂದು ನಕ್ಕವು. "ಸಿಹಿಯಂತೆ! ನಿನ್ನೆ!"

"ನಿನ್ನೆ ಹುಳಿ ದಿನ ಕಣಪ್ಪ," ಎಂದಳು ಅಜ್ಜಿ. "ಹುಳೀನ ಯಾವ ಸಿಪಾಯೀನೂ ಗಟಗಟ ಕುಡಿಯಲ್ಲ, ಮೂಗು ಹಿಡಿದು ಗುಟುಕರಿಸ್ತಾನೆ. ಇವನ ಸೀಸೇಲಿ ಯಾರೋ ಸಿಹಿ ತುಂಬಿಸಿದ್ರು, ಜೊತೆಗೆ ನಿದ್ದೆ ಬರಿಸೋ ಗಸಗಸೆಕಾಯಿ ಹಾಲಿನ ಕಮಟು. ಅಂಗಡಿ ಮುಚ್ಚಿದಾಗ ಸಿಹಿ ಸಿಗೋದು ನಾಯಕರ ಪಂಕ್ತೀಲಿ ಮಾತ್ರ. ಅಲ್ಲಿ ಉಂಡೂ ಉಂಡೂ ನಿನಗೆ ಹುಳಿಯ ಸರದೀನೇ ಮರೆತುಹೋಗಿದೆ. ಪಂಕ್ತೀಲಿ ಉಣ್ಣೋರಲ್ಲಿ ಗದ್ದು ಬಾವುಟ ಹಿಡಿದ್ರೆ ಹೊಟ್ಟೆ ಉರಿಯೋದು ಇನ್ಯಾರಿಗೆ? ಗುಡಿ, ಗೋಪುರ, ಎರಡರ ಬೀಗದಕೈಯೂ ನಿನ್ನ ಸೊಂಟದಲ್ಲೇ ಇದೆ. ಕೊಡಪ್ಪ, ಆ ನರೀನ ಬಿಡಿಸೋಣ."

ಸಬೀನ ತಲೆ ತಗ್ಗಿಸಿದ. "ಸುಡೋಕೆ ಮನಸ್ಸು ಬರಲಿಲ್ಲ. ಗಾಳಿಯಾಡಲಿ ಅಂತ ಕಿಟಕಿಗೆ ನೇತುಹಾಕಿದ್ದೆ," ಎಂದ. ಮಾಲ್ಕ ಕುಂಟುತ್ತಲೇ ಗೋಪುರ ಹತ್ತಿ ಘಟಸರ್ಪವನ್ನು ಹೆಗಲ ಮೇಲೆ ಹೊತ್ತು ತಂದ. ಅಷ್ಟು ಹೆಮ್ಮೆ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ.

"ಜೀವ ಉಳಿಸಿದ್ದೀನಿ," ಎಂದ ನಾಯಕ ಸಬೀನನಿಗೆ. "ಇವತ್ತಿಂದ ನೀನು ಬರೀ ಸಿಪಾಯಿ. ಸರದಿ ಬಾಯಿಪಾಠ ಆಗೋವರೆಗೆ ನಿನಗೆ ದಿನಾ ಹುಳಿ!"

ಕಟ್ಟು ಬಿಚ್ಚಿದ ಕೈಗಳಲ್ಲಿ ಗದ್ದು ಬಾವುಟ ಎತ್ತಿ ಹಿಡಿದ. ಗಾಳಿ ಹೊಕ್ಕು ಘಟಸರ್ಪ ಊಳಿಟ್ಟಿತು. ದಂಡು ಜಯಕಾರ ಹಾಕುತ್ತ ಹಡಗು ಹತ್ತಿತು. ಶಲ್ಮತ್ ಅಳುತ್ತಲೇ ನಗುತ್ತ ಕೂಗಿದಳು: "ರೀ, ಇವತ್ತು ಸಿಹಿ ದಿನ! ನೋಡಿಕೊಂಡು ಕುಡೀರಿ!"