ದೋಣಿಯಲ್ಲಿ ಕೂತ ಮುದುಕಿ

ವರದಾಳ ಲ್ಯಾಪ್‌ಟಾಪ್ ಕಳುವಾಗಿದೆ ಎಂದು ಕೇಳಿದಾಗ ಪಾರ್ಥನಿಗೆ ಮೊದಲು ಆದದ್ದು ಖುಷಿ.

ಸುಳ್ಳೇಕೆ ಹೇಳಬೇಕು? ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಸಿಂದಗಿಯ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಪಾರ್ಥ, ಬಸವನ ಬಾಗೇವಾಡಿಗೆ ಮದುವೆಯಾಗಿ ಹೋದ ವರದಾ ಒಂದೇ ಕ್ಲಾಸಿನಲ್ಲಿ ಓದಿದವರು. ಇಬ್ಬರೂ ಯೂಟ್ಯೂಬಿನಲ್ಲಿ ಸಣ್ಣ ವಿಡಿಯೊ ಗೇಮುಗಳ ಬಗ್ಗೆ ಮಾತಾಡುವವರು. ಒಂದು ಊಟದ ದುಡ್ಡಿಗೆ ಸಿಗುವ, ಒಂದು ಮಧ್ಯಾಹ್ನಕ್ಕೆ ಮುಗಿಯುವ, ಒಬ್ಬರೇ ಕೂತು ಆಡುವ ಆಟಗಳು. ಅವನ ಮಾತು ಕೇಳುವವರು ಅವನ ವಿದ್ಯಾರ್ಥಿಗಳು ಮಾತ್ರ. ಅವಳ ಮಾತಿಗೆ ಜಿಲ್ಲೆಯೇ ಕಿವಿಗೊಡುತ್ತಿತ್ತು.

"ದೊಡ್ಡ ಆಟ ಬೀಗರಿದ್ದಂಗ, ಬಂದ್ರ ಹೋಗಂಗಿಲ್ಲ. ಸಣ್ಣ ಆಟ ಬಾಜೂ ಮನಿಯವರಿದ್ದಂಗ. ಚಹಾ ಕುಡೀತಾರ, ಒಂದು ಮಾತು ಬಿಟ್ಟು ಎದ್ದು ಹೋಗತಾರ." ವರದಾ ಒಮ್ಮೆ ಹೀಗೆ ಹೇಳಿದ್ದಳು. ಇದು ತನಗೇಕೆ ಹೊಳೆಯಲಿಲ್ಲ ಎಂದು ಪಾರ್ಥನಿಗೆ ವಾರವಿಡೀ ಊಟ ರುಚಿಸಿರಲಿಲ್ಲ.

ಖುಷಿ ಮಾತ್ರ ಫೋನ್ ಇಡುವವರೆಗೂ ಉಳಿಯಲಿಲ್ಲ.

"ನಿನ್ನೆ ಸಂಜಿಮುಂದ ನಮ್ಮನಿಗೆ ಬಂದವ ನೀ ಒಬ್ಬನ," ಎಂದಳು ವರದಾ. "ಲ್ಯಾಪ್‌ಟಾಪ್ ಮೇಜಿನ ಮ್ಯಾಲ ಇತ್ತು. ಮುಂಜಾನೆ ಇಲ್ಲ. ನಿನ್ನ ಹೊಟ್ಟಿಕಿಚ್ಚು ನನಗ ಗೊತ್ತದ, ಪಾರ್ಥ. ರವಿವಾರದ ಲೈವ್ ಒಳಗ ತಂದಿಡು. ಇಲ್ಲಂದ್ರ ಮಂದಿ ಮುಂದ ನಿನ್ನ ಹೆಸರು ಹೇಳತೀನಿ, ಪೊಲೀಸರಿಗೂ ಹೇಳತೀನಿ."

ಹೆಸರು ಹೋದರೆ ಕೆಲಸವೂ ಹೋದಂತೆ. ಕಳ್ಳ ಮಾಸ್ತರನನ್ನು ಯಾವ ಶಾಲೆ ಇಟ್ಟುಕೊಳ್ಳುತ್ತದೆ?

*

ಶನಿವಾರ ಶಾಲೆ ಬಿಟ್ಟ ಕೂಡಲೇ ಪಾರ್ಥ ಬಾಗೇವಾಡಿಯ ಬಸ್ಸು ಹಿಡಿದ. ಇಳಿದವನೇ ಬಸ್‌ಸ್ಟ್ಯಾಂಡ್ ಎದುರಿನ ರಿಪೇರಿ ಅಂಗಡಿಗೆ ಹೋದ. ಅಂಗಡಿಯ ಮುಕ್ತಾರ ಆ ಲ್ಯಾಪ್‌ಟಾಪನ್ನು ತನಗೆ ಮಾರಲು ಕೇಳಿದ್ದನೆಂದು ವರದಾ ಯಾವುದೋ ವಿಡಿಯೊದಲ್ಲಿ ಹೇಳಿದ್ದಳು. ಅವಳ ಒಂದು ವಿಡಿಯೊವನ್ನೂ ಪಾರ್ಥ ಬಿಟ್ಟವನಲ್ಲ.

"ಕೇಳಿದ್ದು ಖರೇ ಐತ್ರಿ," ಎಂದ ಮುಕ್ತಾರ. "ಆದ್ರ ಕಳುವಿನ ಮಾಲು ಇಟ್ಕೊಂಡ್ರ ಅಂಗಡಿ ಉಳೀತೈತೇನ್ರಿ? ಅವತ್ತ ರಾತ್ರಿ ನಾ ಇಂಡಿ ಊರಾಗ ತಂಗಿ ನಿಕಾದಾಗ ಇದ್ದೆ. ಮುಂಜಾನೆ ಬಂದು ಶಟರ್ ಎತ್ತೂದ್ರಾಗ ನಿಮ್ಮ ವರದಾ ಅವರ ಯಜಮಾನ್ರು ನಿಂತಿದ್ರು."

"ಕೌಸ್ತುಭ? ಯಾಕ?"

"ಇಯರ್‌ಫೋನ್ ಬೇಕಾಗಿತ್ತು. ನನಗೂ ಸೋಜಿಗ ಆತ್ರಿ. ಆ ಮನಷ್ಯಾ ಹಾಡ ಸೈತ ಕೇಳಂಗಿಲ್ಲ."

*

ಕೌಸ್ತುಭ ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಲೆಕ್ಚರರ್. ದಿನಾ ಬಸ್ಸಿನಲ್ಲಿ ಹೋಗಿಬರುವವನು. ಬಾಗಿಲು ತೆರೆದವನು ಅವನೇ.

"ತಂದೀಯೇನು?" ಎಂದು ನಕ್ಕ.

"ನಾ ಒಯ್ದಿಲ್ಲ."

ವರದಾ ಚಹಾ ಕೊಡಲಿಲ್ಲ, ಕೂಡು ಎನ್ನಲೂ ಇಲ್ಲ. "ಅವತ್ತ ಸಂಜಿಕ ಒಂದು ದೋಣಿ ಆಟ ಮುಗಿಸಿದ್ದೆ. ಹೊಸಾ ಆಟ, ಇನ್ನೂ ಯಾರೂ ಅದರ ಬಗ್ಗೆ ಮಾತಾಡಿಲ್ಲ. ನಾ ಮಾತಾಡಿದ್ದೆಲ್ಲಾ ಲ್ಯಾಪ್‌ಟಾಪಿನಾಗ ರೆಕಾರ್ಡ್ ಆಗಿತ್ತು," ಎಂದಳು. ಅವಳ ಕಣ್ಣು ಕೆಂಪಗಿದ್ದವು.

"ಅದಕ್ಯಾಕ ಅಳತೀ?" ಎಂದ ಕೌಸ್ತುಭ. "ಆಟಂತ ಆಟ! ಶುರುವಿಗೇ ಒಬ್ಬ ಮುದುಕಿ ದೋಣ್ಯಾಗ ಕೂತಿರ್ತಾಳ. ಅಕಿನ್ನ ದಾಟಸೂದು, ಮುಗೀತು."

ಪಾರ್ಥ ಥಟ್ಟನೆ ಅವನ ಕಡೆ ತಿರುಗಿದ.

"ನೀವು ಆಡೀರೇನು?"

"ನಾನ? ಅಕಿ ಆಡುವಾಗ ಹಿಂದ ನಿಂತು ನೋಡಿದ್ದೆ."

ಬಾಯಿ ಬಿಟ್ಟರೆ ಪಾರ್ಥನ ಹೆಸರು ಉಳಿಯುತ್ತದೆ. ಆದರೆ ವರದಾಳ ಹತ್ತಿರ ಇಲ್ಲದ ಒಂದೇ ಒಂದು ಸಂಗತಿ ಅವನ ಹತ್ತಿರ ಇತ್ತು. ಅದೂ ಅವಳ ಪಾಲಾಗುತ್ತದೆ. ಅದನ್ನೇ ನಂಬಿ ಮುಂದಿನ ವಿಡಿಯೊಗೆ ಅವನು ಪುಟಗಟ್ಟಲೆ ಬರೆದಿಟ್ಟಿದ್ದ. ಕೊನೆಗೆ ಬಾಯಿ ಬಿಟ್ಟ.

"ವರದಾ, ನೀ ಆಟ ಶುರು ಮಾಡಿದಾಗ ದೋಣ್ಯಾಗ ಯಾರಿದ್ರು?"

"ಯಾರೂ ಇಲ್ಲ. ಖಾಲಿ ದೋಣಿ. ಮುದುಕಿ ಬರೂದು ಕಡೀಕ."

"ಮುಗಿಸಿದ ಮ್ಯಾಲ ಮತ್ತ ಶುರು ಮಾಡಿದ್ಯಾ?"

"ಇಲ್ಲ. ಸಣ್ಣ ಆಟ ಒಮ್ಮೆ ಮಾತ್ರ ಆಡೂದು. ನನ್ನ ನಿಯಮ ನಿನಗ ಗೊತ್ತದ."

"ಗೊತ್ತದ. ಅದಕ್ಕ ನಾ ಎರಡು ಸಲ ಆಡಿದೆ. ನಿನ್ನ ಕಣ್ಣಿಗೆ ಬೀಳದ್ದು ಏನರ ಸಿಕ್ಕೀತು ಅಂತ." ಪಾರ್ಥ ಕೌಸ್ತುಭನ ಕಡೆ ಕೈ ತೋರಿದ. "ಒಮ್ಮೆ ಮುಗಿಸಿದ ಕಂಪ್ಯೂಟರಿನಾಗ ಮತ್ತ ಶುರು ಮಾಡಿದ್ರ ಮಾತ್ರ ಮುದುಕಿ ಮೊದಲ ಕೂತಿರ್ತಾಳ. ನಾ ಯಾರಿಗೂ ಹೇಳಿಲ್ಲ. ನನ್ನ ಕಂಪ್ಯೂಟರ್ ಸಿಂದಗಿ ಬಿಟ್ಟಿಲ್ಲ. ನೀ ಆಡುವಾಗ ನೋಡಿದ್ರ ಇವರಿಗೆ ಖಾಲಿ ದೋಣಿ ಕಾಣಬೇಕಿತ್ತು. ಇವರು ಶುರು ಮಾಡಿದ್ದು ನೀ ಮುಗಿಸಿದ ಮ್ಯಾಲ, ನಿನ್ನ ಲ್ಯಾಪ್‌ಟಾಪಿನಾಗ. ಕಾಲೇಜಿನ ಸ್ಟಾಫ್‌ರೂಮಿನಾಗ ಸಪ್ಪಳ ಕೇಳಬಾರದು ಅಂತ ಮುಕ್ತಾರನ ಕಡೆ ಇಯರ್‌ಫೋನ್ ತಗೊಂಡಾರ."

ವರದಾ ಗಂಡನ ಬ್ಯಾಗು ಎಳೆದು ಸುರುವಿದಳು. ಡಬ್ಬಿ, ಛತ್ರಿಯ ಜೊತೆ ಇಯರ್‌ಫೋನ್ ಬಿತ್ತು.

"ಎಲ್ಲದ?"

"ಕಾಲೇಜಿನ ಕಪಾಟಿನಾಗ," ಎಂದ ಕೌಸ್ತುಭ. ತಲೆ ತಗ್ಗಿಸಿದ್ದ. "ನಾ ಮನಿಗೆ ಬಂದ್ರ ನೀ ತಲಿ ಎತ್ತಂಗಿಲ್ಲ. ಅದರ ಮುಂದ ಒಬ್ಬಾಕೀನ ನಗತೀ, ಒಬ್ಬಾಕೀನ ಅಳತೀ. ನನ್ನ ಸಂಗಾಟ ನೀ ಎಂದು ಹಂಗ ನಕ್ಕೀ? ಎಲ್ಲಾ ಒಬ್ಬರ ಆಡೂ ಆಟ. ನನಗ ಜಾಗಾನ ಇಲ್ಲ. ಅದರಾಗ ಏನದ ಅಂತ ನೋಡಬೇಕಿತ್ತು."

"ನಾ ಇವನ ತಲಿಗೆ ಕಳುವು ಕಟ್ಟಿದಾಗ ಯಾಕ ಸುಮ್ಮನಿದ್ರಿ?"

"ನಿನ್ನ ಬಾಯಾಗ ಇವನ ಹೆಸರೂ ಭಾಳ ಬರತಿತ್ತು."

ವರದಾ ಬಿದ್ದ ಇಯರ್‌ಫೋನ್ ಎತ್ತಿ ಮೇಜಿನ ಮೇಲಿಟ್ಟಳು. ಆಮೇಲೆ, "ಕೇಳಿದ್ರ ಬಾಜೂಕ ಕುರ್ಚಿ ಹಾಕತಿದ್ದೆ. ಕದ್ದಿರಿ," ಎಂದಳು. ಪಾರ್ಥನ ಕಡೆ ತಿರುಗಿ, "ತಪ್ಪಾತು. ಕೂಡು, ಚಹಾ ಮಾಡತೀನಿ," ಎಂದಳು.

*

ರವಿವಾರ ಸಂಜೆ ಪಾರ್ಥ ಸಿಂದಗಿಯಲ್ಲಿ ಫೋನ್ ಹಿಡಿದು ಕೂತಿದ್ದ. ವರದಾಳ ಲೈವ್ ಶುರುವಾಗಿತ್ತು. ಅವಳ ಮುಂದೆ ಅದೇ ಲ್ಯಾಪ್‌ಟಾಪ್. ಪಕ್ಕದಲ್ಲಿ ಕುರ್ಚಿ ಇರಲಿಲ್ಲ.

"ಸಣ್ಣ ಆಟ ಒಮ್ಮೆ ಮಾತ್ರ ಅಂತಿದ್ದೆ. ಇದನ್ನ ಎರಡು ಸಲ ಆಡ್ರಿ. ಎರಡನೇ ಸಲದ ಗುಟ್ಟು ಕಂಡುಹಿಡಿದವ ಸಿಂದಗಿ ಪಾರ್ಥ," ಎಂದಳು.

ಪಾರ್ಥನ ಮುಖ ಅರಳಿತು. ಜಿಲ್ಲೆಯೇ ತನ್ನ ಹೆಸರು ಕೇಳುತ್ತಿದೆ.

"ಮೊದಲನೇ ಸಲ ಮುದುಕಿಗೆ ನಾವು ಕಾಯತೇವಿ," ಎಂದು ಅವಳು ಮುಂದುವರಿಸಿದಳು. "ಎರಡನೇ ಸಲ ಮುದುಕಿ ನಮಗ ಕಾದಿರ್ತಾಳ."

ಪಾರ್ಥ ತಾನು ಬರೆದಿಟ್ಟ ಪುಟಗಳನ್ನು ತೆಗೆದು ನೋಡಿದ. ಆ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅವತ್ತು ರಾತ್ರಿಯೂ ಅವನಿಗೆ ಊಟ ಸೇರಲಿಲ್ಲ.