ವಿನ್ ಅಲ್ಲ, ಬೀಟ್

“ಮಿಸ್, ಐ ವನ್ ಮೈ ಗ್ರ್ಯಾಂಡ್‌ಮದರ್!”

ಇಂಗ್ಲಿಷ್ ಮಿಸ್ ಸೀಮೆಸುಣ್ಣ ಹಿಡಿದ ಕೈಯಲ್ಲೇ ಬಾಯಿ ಮುಚ್ಚಿಕೊಂಡರು. ಮೂಗೆಲ್ಲ ಬಿಳಿಯಾಯಿತು. “ಯಾವ ಲಾಟರಿಯಲ್ಲಿ ಬಂದ್ರು ನಿಮ್ಮಜ್ಜಿ?”

ಕ್ಲಾಸು ಗೊಳ್ಳೆಂದಿತು. ಗುಂಡಿಗೂ ನಗು ತಡೆಯಲಾಗಲಿಲ್ಲ. ಟೈಲರ್ ಅಜ್ಜಿಯ ದುಂಡನೆಯ ಮೊಮ್ಮಗಳಾದ್ದರಿಂದ ಎಲ್ಲರಿಗೂ ಅವಳು ‘ಗುಂಡಿ’.

“ಚೆಸ್‌ನಲ್ಲಿ ಮಿಸ್! ನಿನ್ನೆ ಎರಡು ಸಲ!”

“ಹಾಗನ್ನು. ವಿನ್ ಮಾಡೋದು ಆಟನ. ಎದುರಿಗೆ ಕೂತೋರನ್ನ ಬೀಟ್ ಮಾಡೋದು. ಐ ಬೀಟ್ ಮೈ ಗ್ರ್ಯಾಂಡ್‌ಮದರ್.”

“ಅಯ್ಯಯ್ಯೋ, ಅಜ್ಜಿಗೆ ಹೊಡೆದ್ಲಂತೆ!” ಹಿಂದಿನ ಬೆಂಚು ಕೂಗಿತು.

“ಬೀಟ್ ಅಂದ್ರೆ ಸೋಲಿಸೋದು ಅಂತಾನೂ ಇದೆ ಕಣ್ರೋ!” ಎಂದು ಮಿಸ್ ಹೇಳುವಷ್ಟರಲ್ಲಿ ಬೆಲ್ ಹೊಡೆಯಿತು.

ಹೊಸ ವಾಕ್ಯವನ್ನು ದಾರಿಯುದ್ದಕ್ಕೂ ಹಾಡುತ್ತಾ ಗುಂಡಿ ಅಜ್ಜಿಯ ಅಂಗಡಿಗೆ ನುಗ್ಗಿದಳು. “ಐ ಬೀಟ್ ಮೈ ಗ್ರ್ಯಾಂಡ್‌ಮದರ್!”

ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದಿದ್ದ ಪೋಸ್ಟ್‌ಮ್ಯಾನ್ ಬೆಚ್ಚಿಬಿದ್ದ. “ಏನಮ್ಮಾ, ವಯಸ್ಸಾದೋರ ಮೇಲೆ ಕೈ ಮಾಡ್ತೀಯಾ?”

ಅಜ್ಜಿ ತಕ್ಷಣ ಕೆನ್ನೆ ಹಿಡಿದುಕೊಂಡರು. “ಯಾರ ಹತ್ರ ಹೇಳ್ಕೊಳ್ಳಲಿ ಸ್ವಾಮಿ? ನಿನ್ನೆ ಎರಡು ಸಲ!”

“ಅಜ್ಜೀ! ಚೆಸ್ ಅಂತ ಹೇಳು!”

“ಓ, ಚೆಸ್ಸಾ?” ಪೋಸ್ಟ್‌ಮ್ಯಾನ್ ಮುಖ ಅರಳಿತು. “ನಮ್ಮ ಆಫೀಸಲ್ಲಿ ನನ್ನನ್ನ ಸೋಲಿಸೋರು ಇನ್ನೂ ಹುಟ್ಟಿಲ್ಲ.” ಮೇಜಿನ ಮೇಲಿದ್ದ ಚೆಸ್ ಬೋರ್ಡಿನ ಮುಂದೆ ಸ್ಟೂಲ್ ಎಳೆದು ಕೂತೇಬಿಟ್ಟ.

ಅಜ್ಜಿ ಒಂದು ಕೈಯಲ್ಲಿ ಸೂಜಿ ಹಿಡಿದೇ ಆಡಿದರು. ಒಂದು ಕಾಯಿ ನಡೆಸುವುದು, ನಾಲ್ಕು ಹೊಲಿಗೆ ಹಾಕುವುದು. ಎಂಟನೇ ನಡೆಗೆ ದಾರ ಕಚ್ಚಿ ತುಂಡರಿಸಿದರು. “ಚೆಕ್‌ಮೇಟ್. ಪ್ಯಾಂಟೂ ಆಯ್ತು, ತಗೊಳ್ಳಿ.”

ಪೋಸ್ಟ್‌ಮ್ಯಾನ್ ಪ್ಯಾಂಟ್ ತೆಗೆದುಕೊಂಡು, ಟೋಪಿ ಮರೆತು ಹೋದ.

ಗುಂಡಿ ಬಿದ್ದು ಬಿದ್ದು ನಕ್ಕಳು. ನಗುತ್ತಾ ನಗುತ್ತಾ ಬೋರ್ಡಿನ ಕಡೆ ತಿರುಗಿದಳು. ನಿನ್ನೆ ಇದೇ ಅಜ್ಜಿ ತಮ್ಮ ರಾಣಿಯನ್ನು ತಂದು ಗುಂಡಿಯ ಆನೆಯ ಎದುರಿಗೇ ಇಟ್ಟಿದ್ದರು. “ಅಯ್ಯೋ, ಕಣ್ಣೇ ಕಾಣಲಿಲ್ಲ ನೋಡು” ಎಂದಿದ್ದರು.

ಆಟವನ್ನೇನೋ ವಿನ್ ಮಾಡಿದ್ದು ನಿಜ. ಆದರೆ ಅಜ್ಜಿಯನ್ನು?

ಅವಳು ಕಾಯಿಗಳನ್ನು ಮತ್ತೆ ಜೋಡಿಸಿದಳು. “ಬಾ ಅಜ್ಜಿ. ಅವರ ಜೊತೆ ಆಡಿದ ಹಾಗೇ ಆಡ್ಬೇಕು.”

ಅಜ್ಜಿ ಕನ್ನಡಕದ ಮೇಲಿನಿಂದ ನೋಡಿದರು. “ಆಮೇಲೆ ಅಳಬಾರದು.”

“ಅಳಲ್ಲ.”

ಹನ್ನೊಂದನೇ ನಡೆಗೆ ಗುಂಡಿಯ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದ. ಅವಳು ಬೆರಳು ಮಡಚಿ ಎಣಿಸಿದಳು, ಥಟ್ಟನೆ ಸ್ಟೂಲಿನಿಂದ ಹಾರಿದಳು.

“ಅಜ್ಜೀ! ಅವರಿಗಿಂತ ಮೂರು ನಡೆ ಜಾಸ್ತಿ! ಇನ್ನೊಂದು ಆಟ!”

ಈ ಸಲ ಮೊದಲ ಕಾಯಿ ಮುಟ್ಟುವ ಮುಂಚೆ ಗುಂಡಿ ತುಂಬಾ ಹೊತ್ತು ಯೋಚಿಸಿದಳು. ಅಜ್ಜಿಯೂ ಅವಸರ ಮಾಡಲಿಲ್ಲ.