ಅರಗು ಆರುವ ತನಕ

ಅವತ್ತು ಬೆಳಗ್ಗೆ ರಾಮನಗರದ ಬೆಟ್ಟಗಳು ಇರಲೇ ಇಲ್ಲ!

ಕಾರ್ತಿಕದ ಮಂಜು ಅಷ್ಟೂ ಬಂಡೆಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ರಸ್ತೆಯ ಮೇಲೂ ಕೆನೆಯ ಹಾಗೆ ಹರಡಿತ್ತು. ಮೈಸೂರು ರಸ್ತೆಯ ಬಸ್ಸು ದೀಪ ಹಾಕಿಕೊಂಡು, ದಾರಿ ಕೇಳುತ್ತಾ ಕೇಳುತ್ತಾ ನಡೆಯುವ ಮುದುಕನಂತೆ ಸಾಗುತ್ತಿತ್ತು. ಕೆಂಗಲ್ ಹನುಮಂತರಾಯನ ಗುಡಿ ಕಾಣಲಿಲ್ಲ, ಗಂಟೆ ಮಾತ್ರ ಕೇಳಿಸಿತು. ಕಿಟಕಿ ಪಕ್ಕ ಕೂತಿದ್ದ ರಂಗನಾಯಕಿ ಕಣ್ಣುಮುಚ್ಚಿ ಕೈಮುಗಿದಳು.

'ಅಪ್ಪಾ, ಇವತ್ತು ನನ್ನ ಪಾಲಿಗೆ ಅಳದೇ ಇರೋ ಮಗು ಸಿಗಲಿ...'

ಮಾಗಡಿಯ ಹುಡುಗಿ ಅವಳು. ರಾಮನಗರದಲ್ಲಿ ನರ್ಸಿಂಗ್ ಎರಡನೇ ವರ್ಷ. ಒಂದು ಮಗುವನ್ನು ಆರು ವಾರ ನೋಡಿ, ಅದರ ತೂಕ, ಎತ್ತರ, ಊಟ, ಆಟ, ಮಾತು ಎಲ್ಲವನ್ನೂ ಬರೆದು ಒಪ್ಪಿಸಬೇಕಿತ್ತು. ಅವಳಿಗೆ ಸಿಕ್ಕಿದ್ದು ಚನ್ನಪಟ್ಟಣದ ಗೊಂಬೆ ಮಾಡುವವರ ಬೀದಿಯ ಅಂಗನವಾಡಿ.

ಬಸ್ಸಿಳಿದು ಬೀದಿಗೆ ಕಾಲಿಟ್ಟಳು. ಅಂಗನವಾಡಿಯ ಬಾಗಿಲಿಗೆ ಅಡ್ಡವಾಗಿ ಯಾರೋ ನಿಂತಿದ್ದರು. ತಲೆಯೆಲ್ಲ ಬೆಳ್ಳಗೆ, ಹೆಗಲ ಮೇಲೊಂದು ಕೂಸು.

"ಒಸಿ ದಾರಿ ಬಿಡಿ ತಾತಾ..."

ತಾತ ತಿರುಗಿದ. ರಂಗನಾಯಕಿ ಬೆಚ್ಚಿ ಹೆಜ್ಜೆ ಹಿಂದಿಟ್ಟಳು! ಕಪ್ಪು ಮೀಸೆ, ನಗುವ ಕಣ್ಣು. ತಲೆಯ ಮೇಲಿದ್ದದ್ದು ಮರದ ಹೊಟ್ಟು!

"ಇಪ್ಪತ್ತಾರಕ್ಕೇ ತಾತನ್ನ ಮಾಡ್ಬುಟ್ರಲ್ಲ ಮೇಡಂ! ಇನ್ನು ನಂಗೆ ಹೆಣ್ಣು ಯಾರು ಕೊಟ್ಟಾರು?"

ಒಳಗಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ರಂಗನಾಯಕಿಯ ಮುಖ ಕೆಂಪಾಯಿತು. ಹೆಗಲ ಮೇಲಿದ್ದ ಕೂಸು ಮಾತ್ರ ನಗಲಿಲ್ಲ. ಅವಳನ್ನೇ ದಿಟ್ಟಿಸಿ ನೋಡಿತು.

ಅವನು ರಾಮಲಿಂಗ. ಮನೆಯ ಮುಂದಿನ ಚಾವಡಿಯಲ್ಲೇ ಕಡೆಯುವ ಯಂತ್ರ ಇಟ್ಟುಕೊಂಡು ಮರದ ಆಟಿಕೆ ಮಾಡುತ್ತಿದ್ದ. ಕೂಸು ಚೆಲುವಿ, ಅವನ ಅಕ್ಕನ ಮಗಳು. ಹೆತ್ತವಳು ಬಾಣಂತನದಲ್ಲೇ ದೇವರ ಪಾದ ಸೇರಿದ್ದಳು. ಅಪ್ಪ ಕನಕಪುರದ ಕಡೆ ಬೇರೆ ಸಂಸಾರ ಹೂಡಿದ್ದ. ರಾಮಲಿಂಗ, ಅವನ ತಾಯಿ ದೊಡ್ಡಲಕ್ಷ್ಮಮ್ಮ, ಇಬ್ಬರೇ ಸಾಕುತ್ತಿದ್ದರು.

ರಂಗನಾಯಕಿ ಬರೆದುಕೊಳ್ಳಲು ಆರಿಸಿದ ಮಗು ಚೆಲುವಿಯೇ.

ಆಮೇಲಿನ ನಾಲ್ಕು ವಾರ ಕನಸಿನ ಹಾಗೆ ಸರಿದವು. ಬುಧವಾರ ಬುಧವಾರ ಅವರ ಚಾವಡಿಯಲ್ಲೇ ತೂಕ, ತೋಳಿನ ಸುತ್ತಳತೆ. ಹೊಸಬಳ ಮುಂದೆ ಚೆಲುವಿ ಅಜ್ಜಿಯ ಸೆರಗಲ್ಲಿ ಮುಖ ಹುದುಗಿಸಿಕೊಂಡು ಮಾತೇ ಆಡುತ್ತಿರಲಿಲ್ಲ. ರಾಗಿಯನ್ನು ಮೊಳಕೆ ಕಟ್ಟಿ ಕೂಸಿಗೆ ಸರಿಗಂಜಿ ಮಾಡುವುದನ್ನು ಅಜ್ಜಿಗೆ ಹೇಳಿಕೊಟ್ಟಳು. ಅಜ್ಜಿ ಅದಕ್ಕೆ ಒಂದು ಚೂರು ಬೆಲ್ಲ ಹೆಚ್ಚಿಗೆ ಹಾಕಿ ಇವಳಿಗೇ ಮೊದಲು ಕುಡಿಸುತ್ತಿದ್ದಳು.

"ಕೂಸಿಗಿಂತ ನೀನೇ ಸಣ್ಣಗಿದ್ದೀಯ ಕಣವ್ವ."

ರಾಮಲಿಂಗ ಯಂತ್ರ ನಿಲ್ಲಿಸಿ ಕೇಳುತ್ತಿದ್ದ. "ಮೇಡಂ, ತಾತಂಗೂ ತೂಕ ನೋಡ್ತೀರಾ?"

"ನಿಮಗೆ ಬಾಯಿದೇ ತೂಕ ಜಾಸ್ತಿ!"

ಅವನು ನಗುತ್ತಾ ಮತ್ತೆ ಯಂತ್ರ ತಿರುಗಿಸುತ್ತಿದ್ದ. ಹಾಸ್ಟೆಲಿಗೆ ಮರಳುವಾಗ ಬಟ್ಟೆಯಲ್ಲಿ ಆಟಿಕೆಗೆ ಬಣ್ಣ ಕಟ್ಟುವ ಅರಗಿನ ವಾಸನೆ. ಅದನ್ನು ಒಗೆಯಲು ಮನಸ್ಸೇ ಬರುತ್ತಿರಲಿಲ್ಲ!

ಐದನೇ ಬುಧವಾರ ಆಟದ ಪರೀಕ್ಷೆ.

ರಾಮಲಿಂಗ ಮರ ತರಲು ಹೋಗಿದ್ದ. ಅಂಗನವಾಡಿಯಲ್ಲಿ ಚಾಪೆ ಹಾಸಿ, ಚೆಲುವಿಯ ಮುಂದೆ ರಂಗನಾಯಕಿ ಬಣ್ಣದ ಮರದ ಬಿಲ್ಲೆಗಳನ್ನು ಇಟ್ಟಳು. ಇಪ್ಪತ್ತು ತಿಂಗಳ ಮಗು, ಮೂರು ಬಿಲ್ಲೆಯನ್ನಾದರೂ ಒಂದರ ಮೇಲೊಂದು ಪೇರಿಸಬೇಕು.

ಚೆಲುವಿ ಒಂದು ಬಿಲ್ಲೆ ಎತ್ತಿ ಲಂಗಕ್ಕೆ ಉಜ್ಜಿದಳು. ಕೆನ್ನೆಗೆ ಒತ್ತಿಕೊಂಡಳು. ದೂರ ಇಟ್ಟಳು. ಇನ್ನೊಂದನ್ನೂ ಹಾಗೇ. ಮತ್ತೊಂದನ್ನೂ ಹಾಗೇ... ರಂಗನಾಯಕಿ ಪೇರಿಸಿ ತೋರಿಸಿದರೆ ಗಾಬರಿಯಾಗಿ ಬಿಡಿಸಿ ಬಿಡಿಸಿ ಇಟ್ಟಳು. ಬೆನ್ನ ಹಿಂದೆ ಗಿಲಕಿ ಆಡಿಸಿದರೆ ತಿರುಗಲಿಲ್ಲ. ಮಾತು ಕೇಳಿದರೆ ತುಟಿ ಬಿಚ್ಚಲಿಲ್ಲ.

ಪುಸ್ತಕದ ಸಾಲುಗಳು ರಂಗನಾಯಕಿಯ ಕಣ್ಮುಂದೆ ಕುಣಿದವು.

"ಏನವ್ವ, ಎಂಗೈತೆ ನಮ್ ಕೂಸು?" ಜೊತೆಗೆ ಬಂದಿದ್ದ ದೊಡ್ಡಲಕ್ಷ್ಮಮ್ಮ ಆಸೆಯಿಂದ ಕೇಳಿದಳು.

"ಅಜ್ಜಿ... ವಯಸ್ಸಿಗೆ ತಕ್ಕ ಬುದ್ಧಿ ಬೆಳೆದಿಲ್ಲ ಅನ್ನಿಸುತ್ತೆ. ಕಿವೀನೂ ಅನುಮಾನ."

ಬೀದಿಯ ಹೆಂಗಸರೆಲ್ಲ ಅಲ್ಲೇ ಇದ್ದರು. ಪಕ್ಕದ ಮನೆಯ ಮಾರಮ್ಮ ಬಾಯಿಗೆ ಸೆರಗು ಹಿಡಿದಳು. "ಅಯ್ಯೋ ಶಿವನೇ! ಮಂದ ಕೂಸಾ?"

ಅಷ್ಟೇ. ಸಂಜೆಯೊಳಗೆ ಚೆಲುವಿಗೆ ಬೀದಿಯಲ್ಲಿ ಹೊಸ ಹೆಸರು ಬಿದ್ದಿತ್ತು.

ಮರುವಾರ ರಂಗನಾಯಕಿ ಬಂದಾಗ ರಾಮಲಿಂಗ ಬಸ್ ನಿಲ್ದಾಣದಲ್ಲೇ ನಿಂತಿದ್ದ. ಕಣ್ಣಲ್ಲಿ ನಗು ಇರಲಿಲ್ಲ.

"ನೀವು ಹೇಳಿದ್ದು ನಿಜಾನೇ ಇರ್ಬೋದು ಮೇಡಂ. ಅದು ಎಂಗಿದ್ರೂ ನನ್ ಕೂಸೇ, ಹೊತ್ಕೊಂಡು ಸಾಕ್ತೀನಿ. ಆದ್ರೆ ಬೀದಿ ಮುಂದೆ ಯಾಕ್ ಹೇಳುದ್ರಿ? ಈಗ ಒಬ್ರೂ ಅವಳ ಜೊತೆ ಮಕ್ಕಳನ್ನ ಆಡಕ್ಕೆ ಬುಡಾಕಿಲ್ಲ. ಅವ್ವ ಊಟ ಬುಟ್ಟವ್ಳೆ..."

"ರಾಮಲಿಂಗ ಅವರೇ, ನಾನು..."

"ಬ್ಯಾಡ. ಇನ್ನು ಬರಬ್ಯಾಡಿ."

ಅವನು ತಿರುಗಿ ನಡೆದ. ಅವಳು ಅಲ್ಲಿಂದಲೇ ರಾಮನಗರದ ಬಸ್ಸು ಹತ್ತಿದಳು.

ಕಾಲೇಜಿನಲ್ಲಿ ಅಖ್ತರಿ ಮೇಡಂ ಅವಳ ಬರಹ ಓದಿ ಕನ್ನಡಕ ತೆಗೆದಿಟ್ಟರು. ಮಕ್ಕಳ ಆರೋಗ್ಯದ ಪಾಠ ಹೇಳುವವರು. ಬೈಯುವಾಗಲೂ ದನಿ ಏರಿಸದವರು.

"ಮಗು ಆಡೋದನ್ನ ಎಷ್ಟು ಸಲ ನೋಡಿದೆ?"

"ಒಂದು ಸಲ ಮೇಡಂ."

"ಮನೇಲಿ ಹೇಗೆ ಆಡ್ತಾಳೆ ಅಂತ ಕೇಳಿದೆಯಾ?"

"ಇಲ್ಲ ಮೇಡಂ."

"ಮಗು ಚಾಪೆ ಮೇಲೆ ಹುಟ್ಟಿ ಚಾಪೆ ಮೇಲೆ ಬೆಳೆಯಲ್ಲಮ್ಮ. ಅನುಮಾನ ಬಂದ್ರೆ ಮನೆಯವರನ್ನ ಒಳಗೆ ಕರೆದು ಹೇಳಬೇಕು, ದೊಡ್ಡಾಸ್ಪತ್ರೆಗೆ ಕಳಿಸಬೇಕು. ನೀನು ಬೀದಿಗೆ ತೀರ್ಪು ಕೊಟ್ಟುಬಂದಿದ್ದೀಯ. ಹೋಗು, ಸುಮ್ಮನೆ ಕೂತು ನೋಡಿಕೊಂಡು ಬಾ."

ಬರಬೇಡ ಅಂದವನ ಬಾಗಿಲಿಗೆ ಹೇಗೆ ಹೋಗುವುದು? ಇಡೀ ದಾರಿ ತನ್ನೂರ ದೇವರು ರಂಗನಾಥನನ್ನು ನೆನೆದಳು. 'ಅವರು ನನ್ನ ಮುಖ ನೋಡದಿದ್ದರೂ ಸರಿ... ಆ ಕೂಸಿಗೆ ನನ್ನಿಂದ ಅನ್ಯಾಯ ಉಳಿಯಬಾರದು.'

ಚಾವಡಿಯಲ್ಲಿ ಯಂತ್ರ ಗಿರ್ರನೆ ತಿರುಗುತ್ತಿತ್ತು. ಅವನು ತಲೆಯೆತ್ತಲಿಲ್ಲ. ಅಜ್ಜಿ ಮಣೆ ಸರಿಸಿದಳು. ರಂಗನಾಯಕಿ ಗೋಡೆಗೊರಗಿ ಕೂತಳು.

ತಿರುಗುವ ಮರಕ್ಕೆ ಅವನು ಅರಗಿನ ಕಡ್ಡಿ ಒತ್ತಿದ. ಕೆಂಪು ಕರಗಿ ಮರಕ್ಕೆ ಹತ್ತಿತು. ತಾಳೆಗರಿ ಹಿಡಿದು ಉಜ್ಜಿದ, ಮಿಂಚಿತು! ಕತ್ತರಿಸಿದ ಬಿಲ್ಲೆಯನ್ನು, ಮಗುವಿನ ಬಾಯಿಗೆ ಹೋಗುವ ವಸ್ತು ತರಿಯಾಗಿರಬಾರದೆಂದು, ಕೆನ್ನೆಗೆ ತಾಗಿಸಿ ನೋಡಿದ. ಆಮೇಲೆ ಪಕ್ಕಕ್ಕೆ ಚಾಚಿದ.

ಪಕ್ಕದಲ್ಲಿ ಚೆಲುವಿ! ಪುಟ್ಟ ಕೈಯಲ್ಲಿ ಈಸಿಕೊಂಡು, ಲಂಗಕ್ಕೆ ಉಜ್ಜಿ, ಕೆನ್ನೆಗೆ ಒತ್ತಿ, ಗೋಣಿಯ ಮೇಲೆ ದೂರ ದೂರ ಇಟ್ಟಳು.

ರಂಗನಾಯಕಿ ಗೋಡೆ ಬಿಟ್ಟು ಮುಂದಕ್ಕೆ ಬಾಗಿದಳು.

"ಯಾಕೆ... ಯಾಕೆ ದೂರ ಇಡ್ತಾಳೆ?"

ರಾಮಲಿಂಗ ಯಂತ್ರದ ಕಡೆಗೇ ಹೇಳಿದ. "ಬಿಸಿ ಅರಗು. ಒಂದರ ಮೇಲೊಂದು ಇಟ್ರೆ ಅಂಟ್ಕೊಂಡು ಬಣ್ಣ ಕಿತ್ತೋಯ್ತದೆ. ಆರೋ ತನಕ ಪೇರಿಸಬ್ಯಾಡ ಅಂತ ನಾನೇ ಕಲಿಸಿವ್ನಿ."

"ಗಿಲಕಿ ಸದ್ದಿಗೆ..."

"ದಿನಕ್ಕೆ ನೂರು ಗಿಲಕಿ ಆಡಿಸಿ ನೋಡ್ತೀನಿ. ಯಾವುದಕ್ಕೆ ಅಂತ ತಿರುಗ್ತಾಳೆ?"

ರಂಗನಾಯಕಿ ಚೆಲುವಿಯ ಹಿಂದೆ ಸರಿದು, ಪಿಸುದನಿಯಲ್ಲಿ ಕರೆದಳು. "ಚೆಲುವೀ..."

ಕೂಸು ಥಟ್ಟನೆ ತಿರುಗಿತು! ತಣ್ಣಗಾದ ಬಿಲ್ಲೆಗಳನ್ನು ಮುಟ್ಟಿ ಮುಟ್ಟಿ ನೋಡಿ, ಒಂದು, ಎರಡು, ಮೂರು, ನಾಲ್ಕು... ತಾನೇ ಪೇರಿಸಿತು. ಆಮೇಲೆ ರಂಗನಾಯಕಿಯ ಕಡೆ ಬೆರಳು ತೋರಿಸಿ ತೊದಲಿತು.

"ಮಾಮ... ಮೇದಂ ಬಂತು."

ಯಂತ್ರ ನಿಂತಿತು. ರಂಗನಾಯಕಿ ಮುಖ ಮುಚ್ಚಿಕೊಂಡು ಬಿಕ್ಕಿದಳು.

"ಇಷ್ಟು ಜಾಣೆಗೆ... ನಾನು... ನನ್ನ ಬಾಯಿಂದ..."

ರಾಮಲಿಂಗ ಎದ್ದು ಬಂದ. ಹೊಟ್ಟು ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡ. ಮುಟ್ಟಲೋ ಬೇಡವೋ ಎಂಬಂತೆ ನಿಂತ.

"ಅಳಬ್ಯಾಡಿ. ನಾನೂ ತಪ್ ಮಾಡ್ದೆ. ಯಾಕ್ ಇಂಗಾಡ್ತಾಳೆ ಅಂತ ನೀವು ಕೇಳಲಿಲ್ಲ, ಏನ್ ಆಡಿಸುದ್ರಿ ಅಂತ ನಾನೂ ಕೇಳಲಿಲ್ಲ. ಸಿಟ್ಟಲ್ಲಿ ಬರಬ್ಯಾಡಿ ಅಂದ್ಬುಟ್ಟೆ. ಆ ಬುಧವಾರದಿಂದ ಈ ಮನೇಲಿ... ನಂಗೆ..."

"ಈಗಲೇ ಹೇಳಬೇಡಿ!" ಅವಳು ಕಣ್ಣೊರೆಸಿಕೊಂಡಳು. "ಕೇಳೋಕೆ ನನಗಿನ್ನೂ ಯೋಗ್ಯತೆ ಬಂದಿಲ್ಲ. ಮೊದಲು ಒಂದು ಕೆಲಸ ಬಾಕಿ ಇದೆ."

ಚೆಲುವಿಯನ್ನು ಸೊಂಟಕ್ಕೇರಿಸಿಕೊಂಡು ಅಂಗನವಾಡಿಗೆ ನಡೆದಳು. ಅದೇ ಚಾಪೆ, ಅದೇ ಹೆಂಗಸರು. ಮಾರಮ್ಮ ತನ್ನ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ರಂಗನಾಯಕಿ ಚಾಪೆಯ ಪಕ್ಕ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅವತ್ತು ಇಲ್ಲೇ ಕೂತು ನಾನು ತಪ್ಪು ಹೇಳಿದೆ ಅಕ್ಕಂದಿರಾ. ಈ ಮಗುವಿನ ಬುದ್ಧಿ ಚೆನ್ನಾಗಿದೆ, ಕಿವಿ ಚೆನ್ನಾಗಿದೆ. ನೋಡೋಕೆ ಬರದೇ ಇದ್ದದ್ದು ನನಗೆ. ಇನ್ನೊಂದು ಮಾತು... ಒಂದು ಮಗು ನಿಜವಾಗಲೂ ಹಿಂದೆ ಬಿದ್ದಿದ್ದರೂ, ಅದನ್ನ ಆಟದಿಂದ ದೂರ ಇಡಬಾರದು. ಅದಕ್ಕೇ ಜೊತೆ ಹೆಚ್ಚು ಬೇಕು."

ಮಾರಮ್ಮ ಎದ್ದಳು. ಮೊಮ್ಮಗಳನ್ನು ತಂದು ಚೆಲುವಿಯ ಪಕ್ಕ ಕೂರಿಸಿದಳು.

"ಬಾಯಿ ಜಾರಿದ್ದು ನಿಂದೊಂದೇ ಅಲ್ಲ ಬುಡವ್ವ," ಅಂದಳು.

ರಂಗನಾಯಕಿ ಹೊರಗೆ ಬಂದಳು. ಬಾಗಿಲ ಪಕ್ಕ ರಾಮಲಿಂಗ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಕಣ್ಣು ಒದ್ದೆಯಾಗಿತ್ತು.

"ಈಗ ಹೇಳಿ," ಅಂದಳು ಮೆಲ್ಲಗೆ. "ಆಗ ಅರ್ಧಕ್ಕೆ ನಿಲ್ಲಿಸಿದ್ದನ್ನ."

"ಮರ್ತೋಯ್ತು ಕಣ್ರೀ..."

"ಸುಳ್ಳು!"

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, ದೇವರ ಮುಂದೆ ನಿಂತವನಂತೆ ಹೇಳಿದ.

"ನೀವಿಲ್ದೆ ಈ ಮನೇಲಿ ನಂಗೆ ಬಾಳಾಕೆ ಆಗಾಕಿಲ್ಲ ನಾಯಕಿ. ಕೂಸಿಗಾಗಿ ಅಲ್ಲ... ನಂಗಾಗಿ."

ಮೊದಲ ಸಲ ಅವನ ಬಾಯಲ್ಲಿ ತನ್ನ ಹೆಸರು! ರಂಗನಾಯಕಿ ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು.

"ಕೋರ್ಸು ಮುಗಿಯೋಕೆ ಇನ್ನೂ ಒಂದೂವರೆ ವರ್ಷ ಇದೆ."

"ಕಾಯ್ತೀನಿ."

"ನಮ್ಮಪ್ಪನ್ನ ಕೇಳೋಕೆ ಮಾಗಡಿಗೆ ಬರಬೇಕು. ಅಲ್ಲಿಗೆ ರೈಲಿಲ್ಲ."

"ಬಸ್ನಾಗೇ ಬತ್ತೀನಿ. ನಿಂತ್ಕೊಂಡೇ ಬತ್ತೀನಿ!"

ಒಳಗೆ ಎರಡು ಕೂಸುಗಳು ಒಟ್ಟಿಗೆ ಕೇಕೆ ಹಾಕಿದವು. ಮಾರಮ್ಮನ ದನಿ ಬೀದಿಗೆಲ್ಲ ಕೇಳಿಸಿತು.

"ಚೆಲುವೀ, ನಮ್ ಪಾಪಂಗೂ ಒಂದು ಕೊಡವ್ವ... ಹ್ಞಾಂ, ಜಾಣೆ!"